ಮಸಿ ಮೇಷ್ಟ್ರು

ನಮ್ಮ ಮೇಷ್ಟ್ರು ತೀರಿಕೊಂಡ ಮೇಲೆ ಟೆಕ್ಸಾಸಿನ ಲೂಯಿಸ್‌ವಿಲ್‌ನಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ಶ್ರದ್ಧಾಂಜಲಿ ಸಭೆ ಮಾಡಿದರು. ಅವರ ಹತ್ತಿರ ಚಿತ್ರ ಕಲಿತ ಹೆಂಗಸರೆಲ್ಲ ಬಂದಿದ್ದರು. ಒಬ್ಬೊಬ್ಬರೇ ಎದ್ದು ಮೈಕಿನ ಮುಂದೆ ನಿಂತು, ಸರ್ ತುಂಬ ಸ್ಟ್ರಿಕ್ಟ್, ಆದರೆ ಒಳಗೆ ಬೆಣ್ಣೆಯಂಥ ಮನಸ್ಸು, ಬೈದು ಬೈದೇ ನಮ್ಮನ್ನು ತಿದ್ದಿದರು ಎಂದು ಹೇಳಿ, ಕಣ್ಣೊರೆಸಿಕೊಂಡು ಕೂತರು. ಬೆಣ್ಣೆಯ ಮಾತು ಇನ್ನೊಮ್ಮೆ ಬಂದಾಗ ನನಗೆ ಅಲ್ಲಿ ಕೂರಲಾಗಲಿಲ್ಲ. ಕಾಫಿಯ ನೆಪ ಮಾಡಿ ಎದ್ದು ಹೊರಗೆ ಹೋದೆ. ಸಭೆ ಮುಗಿದ ಮೇಲೆ ಸ್ಮರಣ ಸಂಚಿಕೆಯ ಜವಾಬ್ದಾರಿ ಹೊತ್ತವರು ಪಾರ್ಕಿಂಗ್ ಲಾಟ್‌ನಲ್ಲಿ ನನ್ನನ್ನು ಹಿಡಿದು, ನೀವು ಮೊದಲ ಬ್ಯಾಚಿನವರು, ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಅಂದರು. ಬರೆದುಕೊಡುತ್ತೇನೆ ಅಂದೆ. ಒಳ್ಳೆಯ ಮಾತೇ ಬರೆಯುತ್ತೇನೆ ಎಂದು ಮಾತ್ರ ಒಪ್ಪಿಕೊಳ್ಳಲಿಲ್ಲ.

ಅವರು ಮೈಸೂರಿನವರು. ಹ್ಯೂಸ್ಟನ್ನಿನ ಒಂದು ತೈಲ ಕಂಪನಿಯಲ್ಲಿ ಪೈಪುಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದರು. ಅಲ್ಲಿದ್ದಾಗ ಒಬ್ಬ ಜಪಾನೀ ಅಜ್ಜಿಯ ಬಳಿ ಮಸಿಯಲ್ಲಿ ಬೆಟ್ಟ, ನೀರು, ಮಂಜು ಬರೆಯುವುದನ್ನು ಕಲಿತರು. ಬರೀ ಹಾಳೆಯ ಮೇಲಲ್ಲ, ಮಡಚುವ ಪರದೆಯ ಮೇಲೆ. ಆರು ಎತ್ತರದ ಹಲಗೆಗಳನ್ನು ಕಾಗದದ ಕೀಲುಗಳಿಂದ ಒಂದಕ್ಕೊಂದು ಜೋಡಿಸಿ, ಕೋಣೆಯಲ್ಲಿ ಅಂಕುಡೊಂಕಾಗಿ ನಿಲ್ಲಿಸುವ ಪರದೆ ಅದು. ಹಲಗೆ ಎಂದರೆ ಗಟ್ಟಿ ಮರವಲ್ಲ. ತೆಳು ಮರದ ಪಟ್ಟಿಗಳ ಚೌಕಟ್ಟಿಗೆ ಪದರದ ಮೇಲೆ ಪದರ ಕಾಗದ ಅಂಟಿಸಿ ಮಾಡಿದ್ದು. ಕೆಲಸ ಬಿಟ್ಟು ಲೂಯಿಸ್‌ವಿಲ್‌ಗೆ ಬಂದು ಮನೆ ಮಾಡಿದ ಮೇಲೆ, ಶನಿವಾರ ಬೆಳಿಗ್ಗೆ ತಮ್ಮ ಗರಾಜಿನಲ್ಲಿ ಕಲಿಸಲು ಶುರು ಮಾಡಿದರು. ಅದು ತೊಂಬತ್ತೆಂಟನೆಯ ಇಸವಿ. ಗಂಡನ ವೀಸಾದ ಬಾಲ ಹಿಡಿದು ಬಂದು, ಕೆಲಸ ಮಾಡುವ ಹಾಗಿಲ್ಲದೆ ಅಪಾರ್ಟ್‌ಮೆಂಟಿನಲ್ಲಿ ಗೋಡೆ ನೋಡುತ್ತ ಕೂತಿದ್ದ ನಮ್ಮಂಥವರು ಆಗ ಬೇಕಾದಷ್ಟಿದ್ದೆವು. ಎದುರಿಗೆ ಅವರನ್ನು ಸರ್ ಅನ್ನುತ್ತಿದ್ದೆವು. ಹಿಂದಿನಿಂದ ಮಸಿ ಮೇಷ್ಟ್ರು.

ಮಸಿ ಎಂದರೂ ಅವರ ಮೈಮೇಲೆ ಆ ದಿನಗಳಲ್ಲಿ ಒಂದು ಹನಿ ಮಸಿ ಇದ್ದದ್ದನ್ನು ನಾನು ನೋಡಲಿಲ್ಲ. ಜುಲೈ ತಿಂಗಳ ಟೆಕ್ಸಾಸ್ ಬಿಸಿಲಿಗೆ ಗರಾಜು ಒಲೆಯ ಹಾಗೆ ಕಾಯುತ್ತಿದ್ದಾಗಲೂ ಇಸ್ತ್ರಿ ಮಾಡಿದ ಬಿಳಿ ತುಂಬುತೋಳಿನ ಶರಟು, ಗುಂಡಿ ಹಾಕಿದ ಮಣಿಕಟ್ಟು. ನಾವು ಮೊಣಕೈಯವರೆಗೆ ಕಪ್ಪಾಗಿ, ಬೆವರು ಒರೆಸಿಕೊಂಡ ಹಣೆಯೂ ಕಪ್ಪಾಗಿ ಕೂತಿರುತ್ತಿದ್ದೆವು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಮ್ಮ ಹಿಂದೆ ಓಡಾಡುತ್ತಿದ್ದರು. ಚಪ್ಪಲಿ ಸದ್ದು ನಿಂತಿತು ಎಂದರೆ ನಿಮ್ಮ ಬೆನ್ನ ಹಿಂದೆಯೇ ನಿಂತಿದ್ದಾರೆ ಎಂದು ಅರ್ಥ.

ಹೊಸಬರಿಗೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ. ಚಿತ್ರ ಮುಗಿಯುತ್ತ ಬಂದಾಗ ಬಹಳ ಮೆತ್ತಗೆ, ಇದರಲ್ಲಿ ನಿನಗೆ ಇಷ್ಟವಾದ ಜಾಗ ಯಾವುದಮ್ಮ ಎಂದು ಕೇಳುತ್ತಿದ್ದರು. ಪಾಪ, ಹೊಸಬರು ಖುಷಿಯಿಂದ ಬೆರಳು ತೋರಿಸುತ್ತಿದ್ದರು: ಈ ಮರ ಸರ್, ಇಲ್ಲಿ ನೀರಿನ ಅಂಚು ಸರ್. ಅವರು ನೀರಲ್ಲಿ ಅದ್ದಿದ ದಪ್ಪ ಬ್ರಶ್ ತೆಗೆದುಕೊಂಡು ಸರಿಯಾಗಿ ಆ ಜಾಗದ ಮೇಲೆ ಇಡುತ್ತಿದ್ದರು. ಮಸಿ ಕದಡಿ, ಮರ ಕರಗಿ, ಹಾಳೆಯ ಮೇಲೆ ಒಂದು ಬೂದು ಮಚ್ಚೆ ಉಳಿಯುತ್ತಿತ್ತು. ನನ್ನ ಸರದಿ ಬಂದಾಗ ನಾನೂ ತೋರಿಸಿದ್ದೆ. ಎರಡು ತಿಂಗಳು ಹೆಣಗಿ ಬರೆದ ಒಂದು ಬಂಡೆ. ಮನೆಗೆ ಹೋಗಿ ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಎಲ್ಲರೂ ಜಾಣರಾದೆವು. ಇಷ್ಟವಾದ ಜಾಗ ಬಿಟ್ಟು ಬೇರೆ ಯಾವುದೋ ಮೂಲೆ ತೋರಿಸುವುದನ್ನು ಕಲಿತೆವು. ಅದು ಅವರಿಗೂ ತಿಳಿಯಿತು. ಆಮೇಲಿಂದ ನಾವು ಬೆರಳು ತೋರಿಸುವಾಗ ಅವರು ಬೆರಳು ನೋಡುತ್ತಿರಲಿಲ್ಲ, ಕಣ್ಣು ನೋಡುತ್ತಿದ್ದರು. ಕಣ್ಣು ಎಲ್ಲಿಗೆ ಹೋಯಿತೋ ಬ್ರಶ್ ಅಲ್ಲಿಗೆ ಹೋಗುತ್ತಿತ್ತು.

ಇದನ್ನು ಕಲಿಸುವ ಕ್ರಮ ಅನ್ನುವವರು ಇದ್ದಾರೆ. ಸಭೆಯಲ್ಲೂ ಒಬ್ಬರು ಅಂದರು, ಮೋಹ ಬಿಡುವುದನ್ನು ಕಲಿಸಿದರು ಅಂತ. ತಮ್ಮ ಸ್ವಂತ ಚಿತ್ರದ ಮೇಲೆ ಅವರು ಒಂದು ದಿನವೂ ನೀರು ಹಾಕಿಕೊಂಡದ್ದನ್ನು ನಾನಂತೂ ಕಾಣೆ.

ರಂಗೋಲಿ ಕೈ ಎಂಬುದು ಅವರು ನಮಗೆ ಕೊಟ್ಟಿದ್ದ ಬಿರುದು. ಹೇಳಬೇಕೆಂದರೆ ಅದರಲ್ಲಿ ಸತ್ಯ ಇತ್ತು. ನಾವೆಲ್ಲ ಚಿಕ್ಕಂದಿನಿಂದ ಬಾಗಿಲಿಗೆ ರಂಗೋಲಿ ಹಾಕಿ ಬೆಳೆದವರು. ಎಳೆದ ಗೆರೆ ಸುತ್ತಿ ಬಂದು ಶುರುವಾದ ಕಡೆಗೇ ಸೇರಬೇಕು, ನಡುವೆ ಬಿಟ್ಟರೆ ಅಪಶಕುನ ಎಂದು ಕೈಗೇ ಗೊತ್ತಿತ್ತು. ಬೆಟ್ಟ ಬರೆ ಎಂದರೆ ನಮ್ಮ ಕೈ ಬೆಟ್ಟದ ಸುತ್ತ ಗೆರೆ ಎಳೆದು ಮುಚ್ಚಿಬಿಡುತ್ತಿತ್ತು. ಖಾಲಿ ಜಾಗ ಕಂಡರೆ ಅಲ್ಲೊಂದು ಹಕ್ಕಿಯನ್ನೋ ಹುಲ್ಲನ್ನೋ ಇಡುವ ತನಕ ಸಮಾಧಾನವಿರಲಿಲ್ಲ. ಬೆಟ್ಟದ ಅರ್ಧ ಬರೆದು ಉಳಿದರ್ಧ ಬಿಡಬೇಕು, ಆ ಬಿಟ್ಟ ಜಾಗವೇ ಮಂಜು, ಅದೇ ಚಿತ್ರ ಎಂದು ಅವರು ಎಷ್ಟು ಹೇಳಿದರೂ ಆಗುತ್ತಿರಲಿಲ್ಲ. ಆಗ ಅವರು ಬೈಯುತ್ತಿರಲಿಲ್ಲ. ನಮ್ಮ ಹಾಳೆಯನ್ನು ಎತ್ತಿ ಒಳಗೆ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳುವ ಹಾಗೆ, ಏ, ಹಬ್ಬ ಇದೆಯೇನೇ ಇವತ್ತು, ಬಾಗಿಲಿಗೆ ಹಾಕೋಕೆ ಒಂದು ಬಂದಿದೆ ನೋಡು ಎಂದು ಕೂಗುತ್ತಿದ್ದರು.

ಆ ಹೆಂಡತಿಯನ್ನು ನಾವೆಲ್ಲ ಆಂಟಿ ಅನ್ನುತ್ತಿದ್ದೆವು. ಪರದೆಗೆ ಬೇಕಾದ ಗೋಧಿ ಹಿಟ್ಟಿನ ಅಂಟು ಕಾಯಿಸುವುದು ಅವರ ಕೆಲಸ. ಶುಕ್ರವಾರ ಸಂಜೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ ಇಟ್ಟಿರುತ್ತಿದ್ದರು. ಶನಿವಾರ ಮೇಷ್ಟ್ರು ಬೆರಳಲ್ಲಿ ಉಜ್ಜಿ ನೋಡಿ, ಒಂದು ಗಂಟು ಸಿಕ್ಕಿದರೂ ಬಟ್ಟಲನ್ನು ಅವರ ಕಾಲ ಬಳಿ ಬೋರಲು ಹಾಕುತ್ತಿದ್ದರು. ಆಂಟಿ ಪೇಪರ್ ಟವೆಲ್ ತಂದು ನೆಲ ಒರೆಸಿ, ಇನ್ನೊಂದು ಸಲ ಕಾಯಿಸಲು ಹೋಗುತ್ತಿದ್ದರು. ನಾವೊಬ್ಬರೂ ತಲೆ ಎತ್ತುತ್ತಿರಲಿಲ್ಲ.

ಮತ್ಯಾಕೆ ಹೋಗುತ್ತೀರಿ ಎಂದು ನನ್ನ ಗಂಡ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ಹೋಗುತ್ತಿದ್ದದ್ದು ಯಾಕೆಂದರೆ ಆ ಹಾಳಾದ ಮನುಷ್ಯನ ಕೈಯಲ್ಲಿ ಸರಸ್ವತಿ ಇದ್ದಳು. ಒಂದು ಸಲ ಒಂದು ಹಳೆಯ ಮದುವೆ ಕರೆಯೋಲೆಯನ್ನು ಅಂಕುಡೊಂಕಾಗಿ ಮಡಚಿ ಮೇಜಿನ ಮೇಲೆ ನಿಲ್ಲಿಸಿದರು. ಮಡಿಕೆ ಮುಂದೆ ಬರುವ ಕಡೆ ಎರಡು ಹುಲ್ಲಿನ ಕಡ್ಡಿ, ಒಳಗೆ ಹೋಗುವ ಕಡೆ ತೆಳು ಮಸಿಯ ಒಂದೇ ಅಡ್ಡಗೆರೆ. ಅಷ್ಟೇ. ಲೂಯಿಸ್‌ವಿಲ್ ಕೆರೆಯ ಆಚೆ ದಡ ಅಲ್ಲಿ ಕಾಣಿಸಿತು. ನಾವು ಕತ್ತು ಆಡಿಸಿದರೆ ದಡ ದೂರ ಹೋಗುತ್ತಿತ್ತು, ಹತ್ತಿರ ಬರುತ್ತಿತ್ತು. ಚಪ್ಪಟೆ ಇಟ್ಟರೆ ಈ ಚಿತ್ರ ಸತ್ತಂತೆ, ಮಡಚಿದರೇ ಉಸಿರು ಅಂದರು. ನಾನು ಆ ಕರೆಯೋಲೆ ಕೇಳಿದೆ. ಅವರು ಅದನ್ನು ಹರಿದು ಕಸದ ಬುಟ್ಟಿಗೆ ಹಾಕಿ, ಅರ್ಹತೆ ಬಂದಾಗ ಕೇಳು ಅಂದರು. ಇವತ್ತಿಗೂ ಬೆಳಿಗ್ಗೆ ಡ್ಯಾಮ್ ರಸ್ತೆಯಲ್ಲಿ ಡ್ರೈವ್ ಮಾಡುವಾಗ ಮಂಜಿದ್ದರೆ ನನಗೆ ಆ ಅಡ್ಡಗೆರೆಯೇ ಕಾಣುತ್ತದೆ. ಅವರನ್ನು ದ್ವೇಷಿಸಿದರೂ ಅವರು ಕೊಟ್ಟ ಕಣ್ಣನ್ನು ಹಿಂದಕ್ಕೆ ಕೊಡಲು ಆಗಲಿಲ್ಲ. ಅದೇ ನನ್ನ ಸಿಟ್ಟು.

ತಮ್ಮ ಒರಟುತನಕ್ಕೆಲ್ಲ ಅವರು ಹ್ಯೂಸ್ಟನ್ನಿನ ಅಜ್ಜಿಯ ಹೆಸರು ಹೇಳುತ್ತಿದ್ದರು. ಜಪಾನಿನವರು ಹೀಗೇ ಕಲಿಸೋದು, ನಾನೇನು ನೋಡಿದ್ದೀನಿ ನಿಮಗೇನು ಗೊತ್ತು ಅನ್ನುತ್ತಿದ್ದರು. ನಾವು ಆ ಅಜ್ಜಿಯನ್ನು ಒಬ್ಬ ರಾಕ್ಷಸಿ ಎಂದೇ ತಿಳಿದಿದ್ದೆವು. ಒಂದು ಬೇಸಿಗೆಯಲ್ಲಿ ನನ್ನ ಗಂಡನ ಆಫೀಸ್ ಕೆಲಸಕ್ಕೆ ಹ್ಯೂಸ್ಟನ್‌ಗೆ ಹೋದಾಗ ಕುತೂಹಲ ತಡೆಯಲಾರದೆ ಆ ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಬೊಚ್ಚುಬಾಯಿಯ ಸಣ್ಣ ಅಜ್ಜಿ. ನನಗೆ ಕಿತ್ತಳೆ ಹಣ್ಣು ಸುಲಿದು ಕೊಟ್ಟರು. ಅವರ ಶಿಷ್ಯೆಯರಿಬ್ಬರು ಕೂತು ಬಿದಿರು ಬರೆಯುತ್ತಿದ್ದರು. ಬಿದಿರು ಜೋಳದ ದಂಟಿನ ಹಾಗಿತ್ತು. ಅಜ್ಜಿ ನೋಡಿ ಚಪ್ಪಾಳೆ ತಟ್ಟಿ ನಕ್ಕರು, ಇನ್ನೊಂದು ಹಾಳೆ ಕೊಟ್ಟರು. ನಮ್ಮ ಮೇಷ್ಟ್ರ ಹೆಸರು ಹೇಳಿದರೆ, ಓ, ಅವನದು ಬಹಳ ಒಳ್ಳೆಯ ಗೆರೆ, ಪಾಪ, ಯಾವಾಗಲೂ ಏನೋ ಸಂಕಟ ಅಂದರು.

ಬಂದು ಇದನ್ನು ಅವರಿಗೆ ಹೇಳಿದೆ. ಅಜ್ಜಿ ಯಾರಿಗೂ ಬೈಯುವುದಿಲ್ಲವಲ್ಲ ಸರ್ ಅಂದೆ. ಮಸಿಕಡ್ಡಿಯನ್ನು ಕಲ್ಲಿನ ಮೇಲೆ ಗಂಧ ತೇಯ್ದ ಹಾಗೆ ತೇಯುತ್ತಿದ್ದವರು ಕೈ ನಿಲ್ಲಿಸದೆ, ಅದಕ್ಕೇ ಅವರ ಶಿಷ್ಯರಲ್ಲಿ ಒಬ್ಬನೂ ಚಿತ್ರಗಾರ ಆಗಲಿಲ್ಲ ಅಂದರು. ತಾವೂ ಆ ಶಿಷ್ಯರಲ್ಲಿ ಒಬ್ಬರು ಎಂಬುದು ಅವರಿಗೆ ಹೊಳೆದ ಹಾಗೆ ಕಾಣಲಿಲ್ಲ.

ಪದ್ಮಜಾ ನಮ್ಮ ಜೊತೆ ಸೇರಿದ್ದು ಎರಡನೆಯ ವರ್ಷ. ಹುಬ್ಬಳ್ಳಿಯ ಕಡೆಯವಳು, ಮನೆ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ. ಶನಿವಾರ ಬೆಳಗಿನ ಜಾವ ಎದ್ದು ಮೂರು ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ನಾನು ಏಕವಚನಕ್ಕೆ ಬೇಗ ಇಳಿದೆ. ಅವಳು ಮಾತ್ರ ಕೊನೆಯವರೆಗೂ ನನಗೆ ‘ರಿ’ ಹಚ್ಚಿಯೇ ಮಾತಾಡಿದಳು. ಮೊದಲ ಚಿತ್ರಕ್ಕೆ ಮೇಷ್ಟ್ರು ತಮ್ಮ ಪ್ರಶ್ನೆ ಕೇಳಿದಾಗ ಅವಳು ಹಾಳೆಯನ್ನು ಬಹಳ ಹೊತ್ತು ನೋಡಿ, ಇಷ್ಟ ಆಗೂವಂಥಾದ್ದು ಇದರಾಗ ಇನ್ನೂ ಬಂದಿಲ್ರಿ ಸರ್ ಅಂದಳು. ನಟನೆ ಅಲ್ಲ, ನಿಜವಾಗಿ ಹಾಗೆ ಅನ್ನಿಸಿ ಹೇಳಿದ್ದು. ಮೇಷ್ಟ್ರು ನೀರಿನ ಬ್ರಶ್ ಹಿಡಿದುಕೊಂಡೇ ಮುಂದೆ ಹೋದರು.

ಅವಳ ಕೈ ನಮ್ಮ ಕೈಯಲ್ಲ ಎಂದು ನಮಗೆಲ್ಲ ಬೇಗ ಗೊತ್ತಾಯಿತು. ನಮಗಿಂತ ಬೇಗ ಅವರಿಗೆ ಗೊತ್ತಾಗಿತ್ತು. ನಮ್ಮನ್ನೆಲ್ಲ ಬೈಯುತ್ತಿದ್ದವರು ಅವಳನ್ನು ಬೈಯಲಿಲ್ಲ. ಅವಳ ಹಾಳೆಯನ್ನು ನೋಡುವುದನ್ನೇ ಬಿಟ್ಟರು. ತಿಂಗಳುಗಟ್ಟಲೆ ಅವಳ ಬೆನ್ನ ಹಿಂದೆ ಚಪ್ಪಲಿ ನಿಲ್ಲದೆ ಮುಂದೆ ಹೋಗುತ್ತಿತ್ತು. ಅಷ್ಟು ದೂರದಿಂದ ಬಂದವಳು ಒಂದು ಮಾತೂ ಕೇಳಿಸಿಕೊಳ್ಳದೆ ವಾಪಸು ಹೋಗುತ್ತಿದ್ದಳು. ನಮ್ಮ ಹಾಳೆಗಳ ಮೇಲೆ ಬೀಳುತ್ತಿದ್ದ ನೀರನ್ನು ಕಂಡು ಅವಳು ಹೊಟ್ಟೆಕಿಚ್ಚು ಪಡುತ್ತಿದ್ದಳು ಎಂದರೆ ಯಾರೂ ನಂಬುವುದಿಲ್ಲ.

ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಆಸ್ಟಿನ್ನಿನ ಒಂದು ಸಣ್ಣ ಗ್ಯಾಲರಿಯವರು ಮೇಷ್ಟ್ರ ಮತ್ತು ಶಿಷ್ಯರ ಪರದೆಗಳ ಪ್ರದರ್ಶನಕ್ಕೆ ಒಪ್ಪಿದರು. ಅಕ್ಟೋಬರಿನಲ್ಲಿ. ಪದ್ಮಜಾಗೆ ಅದೇ ಮೊದಲು, ಅದೇ ಕೊನೆ. ಅವಳ ಗಂಡನ ಕೆಲಸ ಹೋಗಿತ್ತು, ಡಿಸೆಂಬರಿನಲ್ಲಿ ಎಲ್ಲರೂ ಹುಬ್ಬಳ್ಳಿಗೆ ವಾಪಸು ಹೊರಟಿದ್ದರು. ಅಲ್ಲಿ ಕೂಡುಕುಟುಂಬ, ಅಂಗಡಿ, ಮಕ್ಕಳು. ಅಲ್ಲಿ ಹೋದ ಮೇಲೆ ಆರು ಹಲಗೆಯ ಪರದೆ ಎಲ್ಲಿಡಲಿ, ಇದೊಂದನ್ನು ನಾಲ್ಕು ಜನ ನೋಡಿದರೆ ನಾನು ಇಲ್ಲಿ ಇದ್ದದ್ದಕ್ಕೆ ಒಂದು ಗುರುತು ಎಂದು ಅವಳು ನನ್ನ ಹತ್ತಿರ ಹೇಳಿದ್ದಳು.

ಖಾಲಿ ಪರದೆಯನ್ನು ಮೇಷ್ಟ್ರ ಗರಾಜಿನಲ್ಲೇ ಕಾಗದ ಅಂಟಿಸಿ ಸಿದ್ಧ ಮಾಡಿ, ವ್ಯಾನಿನಲ್ಲಿ ಅವಳ ಮನೆಗೆ ಸಾಗಿಸಿದ್ದೆವು. ಅವಳು ಮನೆಯಲ್ಲಿ ಹಲಗೆಗಳನ್ನು ನೆಲಕ್ಕೆ ಮಲಗಿಸಿ ಇಡೀ ಬೇಸಿಗೆ ಬರೆದಳು. ಆಗಸ್ಟಿನಲ್ಲಿ ನಾನೇ ಮೇಷ್ಟ್ರನ್ನು ಕೂರಿಸಿಕೊಂಡು ನೋಡಲು ಹೋಗಿದ್ದೆ. ಹೈವೇ ಡ್ರೈವ್ ಮಾಡುವುದು ಅವರಿಗೆ ಆಗುತ್ತಿರಲಿಲ್ಲ. ಜಪಾನೀ ಪರದೆಯನ್ನು ಬಲದಿಂದ ಎಡಕ್ಕೆ ನೋಡಬೇಕು. ಬಲಕ್ಕೆ ಎರಡು ಹಲಗೆಯಲ್ಲಿ ಆಸ್ಟಿನ್ ಕಡೆಯ ಸುಣ್ಣಕಲ್ಲಿನ ಗುಡ್ಡ, ಕುರುಚಲು ಮರ, ಕೆಳಗೆ ಕೆರೆಯ ಅಂಚು. ಆಮೇಲೆ ಎರಡು ಹಲಗೆ ಏನೂ ಇಲ್ಲ. ಒದ್ದೆ ಬ್ರಶ್ ಹಾದುಹೋದ ಒಂದು ಛಾಯೆ, ಅಷ್ಟೇ. ಕೊನೆಯ ಎರಡರಲ್ಲಿ ಆಚೆ ದಡ, ಇದೆಯೋ ಇಲ್ಲವೋ ಎಂಬಷ್ಟು. ನಾನು ಬಲದಿಂದ ಎಡಕ್ಕೆ ಎರಡು ಸಲ ನಡೆದು ನೋಡಿದೆ. ಮೇಷ್ಟ್ರು ಕಾಫಿಯನ್ನೂ ಕುಡಿಯದೆ ಹೊರಗೆ ಬಂದು ಕಾರಿನಲ್ಲಿ ಕೂತರು. ದಾರಿಯಲ್ಲಿ, ಅಷ್ಟು ಬಿಡೋದಕ್ಕೆ ನನಗೆ ಹನ್ನೆರಡು ವರ್ಷ ಬೇಕಾಯಿತು ಅಂದರು. ಅದು ಮೆಚ್ಚುಗೆ ಎಂದು ನಾನು ತಿಳಿದೆ.

ಪ್ರದರ್ಶನಕ್ಕೆ ಒಂದು ವಾರ ಇದೆ ಅನ್ನುವಾಗ ಕೊನೆಯ ಸಲ ನೋಡಿ ಒಪ್ಪಿಗೆ ಕೊಡಲು ಮತ್ತೆ ಹೋದೆವು. ಅವತ್ತು ಆಯುಧಪೂಜೆ. ಅವಳ ಅತ್ತೆ ಹುಬ್ಬಳ್ಳಿಯಿಂದ ಬಂದು ನಾಲ್ಕು ತಿಂಗಳಾಗಿತ್ತು. ಬಾಗಿಲಿಗೆ ಹೋಗುವಾಗಲೇ ಕಾರಿನ ಬಾನೆಟ್ಟಿಗೆ ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಒಳಗೆ ಮಿಕ್ಸಿ, ಕಂಪ್ಯೂಟರ್, ವ್ಯಾಕ್ಯೂಮ್ ಕ್ಲೀನರ್, ಮೊಮ್ಮಗಳ ಸೈಕಲ್, ಎಲ್ಲದರ ಹಣೆಗೂ ಬೊಟ್ಟು. ಪದ್ಮಜಾ ಸೋಫಾದ ತುದಿಯಲ್ಲಿ ಕೂತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ. ಅತ್ತೆಯೇ ಮುಂದೆ ಬಂದು, ಕೈ ಒರೆಸಿಕೊಳ್ಳುತ್ತ, ಬಹಳ ಸಂತೋಷದಿಂದ ಮೇಷ್ಟ್ರಿಗೆ ಹೇಳಿದರು.

“ಬರ್ರಿ, ಬರ್ರಿ. ಖಂಡೇನವಮಿ ದಿವಸನ ಬಂದ್ರಿ, ಭಾಳ ಚಲೋ ಆತು. ನಿಮ್ಮ ಪರದೆಕ್ಕೂ ಪೂಜಾ ಮಾಡೇನ್ರಿ. ಚಿತ್ರಕ್ಕ ಎಲ್ಲೂ ತಾಗಿಸಿಲ್ಲ ಮತ್ತ. ಖಾಲಿ ಜಾಗಾ ನೋಡೇ ಹಚ್ಚೇನಿ.”

ಮೂರನೆಯ ಹಲಗೆಯ ನಟ್ಟನಡುವೆ, ಆ ಮಂಜಿನಲ್ಲಿ, ಕಾಲು ಡಾಲರ್ ನಾಣ್ಯದಷ್ಟು ಅಗಲದ ಅರಿಶಿನದ ಬೊಟ್ಟು, ಅದರ ಮೇಲೆ ಕುಂಕುಮ. ನೀರಲ್ಲಿ ಕಲಸಿದ ಅರಿಶಿನ ಸುತ್ತಲೂ ಸ್ವಲ್ಪ ಹರಡಿಕೊಂಡಿತ್ತು. ಆ ಮುದುಕಿ ಎಷ್ಟು ಜೋಪಾನವಾಗಿ ಜಾಗ ಹುಡುಕಿದ್ದರೆಂದರೆ, ಇಡೀ ಪರದೆಯಲ್ಲಿ ಬೆರಳು ಇಡಬಾರದ ಜಾಗ ಅದೊಂದೇ ಆಗಿತ್ತು.

ಮೇಷ್ಟ್ರು ನಕ್ಕರು. ಅಷ್ಟು ವರ್ಷದಲ್ಲಿ ಅವರು ಬಾಯಿ ತೆರೆದು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು. ಆಮೇಲೆ ಬಗ್ಗಿ ಆ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು.

“ಅಮ್ಮಾ, ಇಷ್ಟು ವರ್ಷದಿಂದ ಇವಳಿಗೆ ಹೇಳಿಕೊಡ್ತಿದೀನಿ. ಅಂಜದೆ ಕೈ ಇಡೋದು ಇವಳಿಗೆ ಬರಲೇ ಇಲ್ಲ. ನೀವು ಒಂದು ಬೆರಳಲ್ಲಿ ಮಾಡಿ ತೋರಿಸಿಬಿಟ್ರಿ.”

ಅತ್ತೆ ನಾಚಿಕೊಂಡು, ಏನ್ರಿ ಅದು, ದೊಡ್ಡವರು ನೀವು ಎಂದು ಹಿಂದೆ ಸರಿದು, ಎಲ್ಲರಿಗೂ ಹೋಳಿಗೆ ತರಲು ಒಳಗೆ ಹೋದರು. ಪದ್ಮಜಾ ಎದ್ದು ಬಂದಳು. ಸದ್ದು ಮಾಡದೆ, ಅಡುಗೆಮನೆಗೆ ಕೇಳದ ಹಾಗೆ ಕೇಳಿಕೊಂಡಳು. ಆ ಒಂದು ಹಲಗೆಗೆ ಬೇರೆ ಕಾಗದ ಹಚ್ಚಿಕೊಡಿ, ನಾಳೆ ಬೆಳಿಗ್ಗೆಯೇ ತರುತ್ತೇನೆ, ಅದರಲ್ಲಿ ಬರೆಯುವುದು ಏನೂ ಇಲ್ಲ, ಒಂದು ಹೊತ್ತಿನ ಕೆಲಸ ಅಂದಳು. ಅದು ನಿಜ. ಮೇಲಿನ ಕಾಗದ ಸುಲಿದು ಹೊಸದು ಅಂಟಿಸಿ, ಆರಲು ಒಂದು ದಿನ ಬಿಟ್ಟರೆ ಸಾಕು. ಅವರ ಸ್ವಂತ ಪರದೆಯ ಮೇಲೆ ಎ.ಸಿ.ಯಿಂದ ನೀರು ಸೋರಿದಾಗ ಹಾಗೇ ಮಾಡಿದ್ದರು. ಆದರೆ ಕಾಗದ ಅದೇ ಸುರುಳಿಯದು ಆಗಬೇಕು. ಬೇರೆ ಸುರುಳಿಯದಾದರೆ ಬಿಳುಪು ಬೇರೆ, ಉಳಿದ ಐದರ ನಡುವೆ ತೇಪೆಯ ಹಾಗೆ ಕಾಣುತ್ತದೆ. ಆ ಸುರುಳಿ ಇದ್ದದ್ದು ಅವರೊಬ್ಬರ ಹತ್ತಿರ.

ಪೇಪರ್ ಮುಗಿದಿದೆ ಅಂದರು. ಹೋಳಿಗೆಯನ್ನು ತುಪ್ಪ ಹಾಕಿಸಿಕೊಂಡು ತಿಂದರು.

ವಾಪಸು ಬರುವಾಗ ದಾರಿಯಲ್ಲಿ ಟೆಂಪಲ್ ಎಂಬ ಊರು ದಾಟುವ ತನಕ ತಡೆದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ. ಸರ್, ಹೋದ ಶನಿವಾರ ನಾನೇ ನೋಡಿದೆ, ಗರಾಜಿನ ಅಟ್ಟದ ಮೇಲೆ ಅರ್ಧ ಸುರುಳಿ ಇದೆಯಲ್ಲ ಅಂದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು.

“ಇದೆ. ಅವಳಿಗೆ ಇಲ್ಲ.”

ನಾನು ಮನೆ ತಲುಪಿದ ತಕ್ಷಣ ಪದ್ಮಜಾಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಆ ವಾರವೆಲ್ಲ ಅವರ ಮನೆಗೆ ಫೋನ್ ಮಾಡಿದಳು. ಆಂಟಿ ಎತ್ತಿಕೊಂಡು, ಅವರು ಮಲಗಿದ್ದಾರಮ್ಮ ಅನ್ನುತ್ತಿದ್ದರು. ಒಮ್ಮೆ ಅವಳು ಆಂಟಿಯನ್ನೇ ಕೇಳಿದಳಂತೆ, ನೀವೇ ಕೊಟ್ಟುಬಿಡಿ ಎಂದು. ಆಂಟಿ ಫೋನ್ ಇಟ್ಟುಬಿಟ್ಟರಂತೆ. ಪರದೆಯನ್ನು ಕಳಿಸಲೇಬೇಡ ಎಂದು ನಾನು ಹೇಳಿದೆ. ಉಳಿದ ಐದು ಹಲಗೆ ಏನು ಪಾಪ ಮಾಡ್ಯಾವರಿ ಅಂದಳು. ಕಳಿಸಿದಳು.

ಗ್ಯಾಲರಿಯಲ್ಲಿ ನಡುವಿನ ಜಾಗ ಮೇಷ್ಟ್ರ ಜೋಡಿ ಪರದೆಗೆ. ಏಳು ವರ್ಷ ಬರೆದದ್ದು. ನಮ್ಮವು ಗೋಡೆಯ ಗುಂಟ, ಪದ್ಮಜಾಳದ್ದು ಮೂಲೆಯಲ್ಲಿ. ಬಂದವರು ನ್ಯಾಯವಾಗಿ ಮೊದಲು ನಡುವಿನದನ್ನೇ ನೋಡಿದರು. ನೋಡಿ, ತಲೆಯಾಡಿಸಿ, ಆಮೇಲೆ ಆ ಮೂಲೆಗೆ ಹೋದವರು ಅಲ್ಲೇ ನಿಂತುಬಿಟ್ಟರು. ಆ ಕೆಂಪು ಬೊಟ್ಟು ಅವರನ್ನು ಹಿಡಿದಿತ್ತು. ಒಬ್ಬರು ಸೂರ್ಯ ಅಂದರು. ಇನ್ನೊಬ್ಬರು, ಎಂಥ ಧೈರ್ಯ ಅಂದರು. ಗುಡ್ಡ, ನೀರು, ಆಚೆ ದಡ ಯಾರ ಕಣ್ಣಿಗೂ ಬೀಳಲಿಲ್ಲ. ಮೇಷ್ಟ್ರು ತಮ್ಮ ಪರದೆ ಬಿಟ್ಟು ಇಲ್ಲಿಗೆ ಬಂದು ನಿಂತರು. ಒಂದು ಸಣ್ಣ ಭಾಷಣವೇ ಮಾಡಿದರು. ಇದು ಶಿಷ್ಯೆಯ ಕೆಲಸ ಅಲ್ಲ, ಶಿಷ್ಯೆಯ ಅತ್ತೆಯದು, ಹಬ್ಬದ ದಿನ ಮಿಕ್ಸಿಗೆ ಇಟ್ಟ ಮೇಲೆ ಉಳಿದ ಕುಂಕುಮ ಇದಕ್ಕೂ ಸಿಕ್ಕಿತು, ಇಡೀ ಪರದೆಯಲ್ಲಿ ಜೀವ ಇರುವ ಜಾಗ ಇದೊಂದೇ ಎಂದು ಇಂಗ್ಲಿಷಿನಲ್ಲಿ, ಬಹಳ ಚೆನ್ನಾಗಿ, ನಗಿಸಿ ನಗಿಸಿ ಹೇಳಿದರು. ಎಲ್ಲರೂ ತಿರುಗಿ ಅತ್ತೆಯನ್ನು ನೋಡಿ ಚಪ್ಪಾಳೆ ತಟ್ಟಿದರು.

ಅತ್ತೆ ಇಳಕಲ್ ಸೀರೆ ಉಟ್ಟು ಬಂದಿದ್ದರು. ಯಾಕೆ ಚಪ್ಪಾಳೆ ಎಂದು ತಿಳಿಯದೆ ಕೈಮುಗಿದರು. ಪಕ್ಕದಲ್ಲಿದ್ದ ಮೊಮ್ಮಗಳನ್ನು, ಏನಂತಾರ ಎಂದು ಕೇಳಿದರಂತೆ. ಎಂಟು ವರ್ಷದ ಮಗು. ಕನ್ನಡ ತಿಳಿಯುತ್ತಿತ್ತು, ಉತ್ತರ ಇಂಗ್ಲಿಷಿನಲ್ಲಿ. ದಟ್ ಡಾಟ್ ಈಸ್ ಎ ಮಿಸ್ಟೇಕ್, ಅಜ್ಜಿ, ಅಮ್ಮ ಕ್ರೈಡ್ ಅಂದಿತಂತೆ. ಮಿಸ್ಟೇಕ್ ಎಂಬ ಮಾತು ಹುಬ್ಬಳ್ಳಿಯಲ್ಲಿ ಯಾರಿಗೆ ಗೊತ್ತಿಲ್ಲ?

ನಾನು ಗ್ಯಾಲರಿಯ ಇನ್ನೊಂದು ತುದಿಯಲ್ಲಿ ಜ್ಯೂಸ್ ಲೋಟ ಹಿಡಿದು ನಿಂತಿದ್ದೆ. ಆ ಮುಖ ಹೇಗೆ ಇಳಿಯಿತು ಎಂಬುದನ್ನು ನೋಡಿದೆ. ಜನ ಚದುರುತ್ತಿದ್ದರು. ಅತ್ತೆ ಪರದೆಯ ಹತ್ತಿರ ಹೋಗಿ, ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಮಗುವಿನ ಕೆನ್ನೆಯ ಮಸಿ ಒರೆಸುವ ಹಾಗೆ ಆ ಬೊಟ್ಟನ್ನು ಒರೆಸಲು ಶುರು ಮಾಡಿದರು. ಅರಿಶಿನ ಹರಡಿ ಅಂಗೈ ಅಗಲವಾಯಿತು. ಗಾಬರಿಯಾಗಿ ಇನ್ನೂ ಜೋರಾಗಿ ಉಜ್ಜಿದರು. ಕಾಗದದ ನಾರು ಎದ್ದು ಉಂಡೆ ಉಂಡೆಯಾಗಿ ಬಂತು, ಆಮೇಲೆ ಕಾಗದವೇ ಹರಿದು ಹಿಂದಿನ ಮರದ ಪಟ್ಟಿ ಕಾಣಿಸಿತು.

ನಾನು ಓಡಿದೆ. ಅಷ್ಟರಲ್ಲಿ ಎಲ್ಲ ಆಗಿತ್ತು. ಮೇಷ್ಟ್ರು ಅಲ್ಲೇ ಇದ್ದರು. ಕೈ ಚಾಚಿದರೆ ಆ ಮುದುಕಿಯ ಕೈ ಸಿಗುತ್ತಿತ್ತು, ಅಷ್ಟು ಹತ್ತಿರ. ಮೊದಲ ಉಜ್ಜಿನಿಂದ ಕೊನೆಯ ಉಜ್ಜಿನವರೆಗೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ಒಂದಿಷ್ಟು ಓರೆ ಮಾಡಿ ನೋಡುತ್ತ ನಿಂತಿದ್ದರು.

ಪದ್ಮಜಾ ಬಂದು ಅತ್ತೆಯ ಮಣಿಕಟ್ಟು ಹಿಡಿದುಕೊಂಡು, ಬಿಡ್ರಿ ಅತ್ತಿ, ಏನೂ ಆಗಿಲ್ಲ ಅಂದಳು. ಅತ್ತೆ ಹಳದಿಯಾದ ಸೆರಗನ್ನು ಮುಚ್ಚಿಕೊಳ್ಳುತ್ತ ಅಳುತ್ತಿದ್ದರು. ಆಮೇಲೆ ಪದ್ಮಜಾ ತಲೆ ಎತ್ತಿ ಮೇಷ್ಟ್ರನ್ನು ನೋಡಿದಳು.

“ಈಗ ಮುಗೀತು ನೋಡು ನಿನ್ನ ಚಿತ್ರ” ಅಂದರು ಅವರು.

ಪದ್ಮಜಾ ಆ ಪರದೆಯನ್ನು ಮನೆಗೆ ತಂದಳು. ಡಿಸೆಂಬರಿನಲ್ಲಿ ಹೊರಡುವ ಮೊದಲು ಕಸದ ಗಾಡಿ ಬರುವ ದಿನ ನೋಡಿ ರಸ್ತೆಯ ಬದಿಗೆ ಇಟ್ಟಳು. ಹುಬ್ಬಳ್ಳಿಯಲ್ಲಿ ಈಗ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಾಳೆ. ಒಂದು ಗೆರೆಯನ್ನೂ ಎಳೆದಿಲ್ಲ. ನಾನು ಕೇಳಿದಾಗಲೆಲ್ಲ, ಕೈ ಏಳಂಗಿಲ್ರಿ ಅನ್ನುತ್ತಾಳೆ. ಅತ್ತೆ ಆಮೇಲಿಂದ ಆ ಮನೆಯಲ್ಲಿ ಖಂಡೇನವಮಿಯ ದಿನ ಯಾವುದಕ್ಕೂ ಕೈ ಹಚ್ಚುವುದಿಲ್ಲವಂತೆ, ಮಗನಿಗೆ ಹೇಳಿ ಬೊಟ್ಟು ಹಚ್ಚಿಸುತ್ತಾರಂತೆ. ನಾನು ಪ್ರದರ್ಶನದ ಮಾರನೆಯ ಶನಿವಾರದಿಂದ ಗರಾಜಿಗೆ ಹೋಗಲಿಲ್ಲ. ಉಳಿದವರು ಹೋಗುತ್ತಿದ್ದರು. ಮೊನ್ನೆ ಮೈಕಿನ ಮುಂದೆ ಅತ್ತವರು ಅವರೇ.

ಅವರು ಹಾಸಿಗೆ ಹಿಡಿದ ಮೇಲೆ ಆಂಟಿಯ ಮುಖ ನೋಡಿ ಒಂದು ಸಲ ಹೋಗಿ ಬಂದೆ. ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು. ಆದರೂ ದಿನಾ ಬೆಳಿಗ್ಗೆ ಆಂಟಿ ಮಸಿ ತೇಯ್ದು, ಹಾಳೆ ಹಾಸಿ, ಆ ಕೈಬೆರಳಿಗೆ ಬ್ರಶ್ಶನ್ನು ಬಟ್ಟೆಯಿಂದ ಕಟ್ಟಬೇಕಿತ್ತು. ಬ್ರಶ್ ಹಾಳೆಯ ಮೇಲೆ ಬಿದ್ದು ಕಪ್ಪು ಹರಡುತ್ತಿತ್ತು. ಅವರು ಅದನ್ನು ನೋಡಿ ಅಳುತ್ತಿದ್ದರು, ಆಮೇಲೆ ಎಡಗೈಯಲ್ಲಿ ಆಂಟಿಗೆ ಹೊಡೆಯುತ್ತಿದ್ದರು. ಶರಟಿನ ತುಂಬ ಮಸಿ. ನನ್ನ ಗುರುತು ಹಿಡಿದರು. ಬಾಯಿಂದ ಮಾತು ಬರಲಿಲ್ಲ. ವಾಪಸು ಬಂದು ಕಾರಿನಲ್ಲಿ ಕೂತು, ಕನಿಕರ ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಆಂಟಿಯ ಮೇಲೆ ಬಂತು. ಅವರ ಮೇಲೆ ಬರಲಿಲ್ಲ.

ಶ್ರದ್ಧಾಂಜಲಿ ಸಭೆಯ ದಿನ ಮನೆಗೆ ಬಂದು ಹುಬ್ಬಳ್ಳಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಕುಕ್ಕರ್ ಕೂಗುತ್ತಿತ್ತು. ಸರ್ ಹೋದರು ಅಂದೆ. ಹೌದ್ರಿ ಅಂದಳು. ಕಡೀಕ ಹೆಂಗಿದ್ರು ಎಂದು ಕೇಳಿದಳು. ನಾನು ನೋಡಿದ್ದನ್ನು, ಆಂಟಿಯಿಂದ ಕೇಳಿದ್ದನ್ನು ಎಲ್ಲ ಹೇಳಿದೆ: ಎತ್ತಲಾರದ ಕೈ, ಬಟ್ಟೆಯಲ್ಲಿ ಕಟ್ಟಿದ ಬ್ರಶ್, ಹಾಳೆಯ ಮೇಲೆ ಹರಡುವ ಮಸಿ, ದಿನಾ ಬೆಳಿಗ್ಗೆಯ ಅಳು. ಅವಳು ಪೂರ್ತಿ ಕೇಳಿಸಿಕೊಂಡಳು.

“ಹಂಗ ಎಷ್ಟು ದಿವಸ ಇದ್ರು?”

ಎರಡು ವರ್ಷ ಅಂದೆ.

ಅವಳು ಎದ್ದು ಹೋಗಿ ಕುಕ್ಕರಿನ ಉರಿ ಆರಿಸಿ ಬಂದಳು.

“ಭಾಳ ಕಡಿಮಿ ಆತ್ರಿ” ಅಂದಳು.